ಐಲ್ ಆಫ್ ಮೇ ದೋಣಿಯಾನ: ಶ್ಯಾಗ್ ಮರಿಗಳ ಎದುರು ಒಂದು ಮಧ್ಯಾಹ್ನ

ಸ್ಕಾಟ್ಲೆಂಡಿನ ಆನ್‌ಸ್ಟ್ರದರ್ ಬಂದರಿನಿಂದ ಐಲ್ ಆಫ್ ಮೇ ದ್ವೀಪಕ್ಕೆ ಹೋಗುವ ದೋಣಿಯಾನವನ್ನು ಕಡಲಹಕ್ಕಿಗಳಲ್ಲಿ ಆಸಕ್ತಿಯುಳ್ಳ ಎಲ್ಲರಿಗೂ ಮನಸಾರೆ ಶಿಫಾರಸು ಮಾಡುತ್ತೇನೆ. ಬಂಡೆಯಂಚಿನ ಗೂಡಿನಲ್ಲಿ ಶ್ಯಾಗ್ (ನೀರುಕಾಗೆಯ ಜಾತಿಯ ಕಡಲಹಕ್ಕಿ) ಮರಿಯೊಂದು ಹಿರಿಯ ಹಕ್ಕಿಯ ಗಂಟಲೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುತ್ತಿದ್ದರೆ, ತಡವಾಗಿ ಮೊಟ್ಟೆಯಿಂದ ಹೊರಬಂದ ಕಿರಿಯ ಮರಿ ಪಕ್ಕದಲ್ಲೇ ಕತ್ತು ಚಾಚಿ ಕಾಯುತ್ತಿತ್ತು. ಆ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸುಮಾರು 50 ದಿನಗಳಲ್ಲಿ ಬೆಳೆದು ದೊಡ್ಡದಾಗುವ ಈ ಅವಸರಕ್ಕೆ ದೇಹ ಬೆಲೆ ತೆರುತ್ತದೆ: ಜೀವಕೋಶಗಳು ವಿಭಜನೆಯಾದಂತೆಲ್ಲ ವರ್ಣತಂತುಗಳ ತುದಿಯನ್ನು ಕಾಯುವ ಕವಚಗಳಾದ ಟೆಲೊಮಿಯರ್‌ಗಳು ಸವೆಯುತ್ತವೆ, ಮತ್ತು ಇದೇ ದ್ವೀಪದ ಶ್ಯಾಗ್‌ಗಳ ಅಧ್ಯಯನವು ಆ ಸವೆತ ಬಾಲ್ಯದಲ್ಲೇ ಹೆಚ್ಚೆಂದು ತೋರಿಸಿದೆ. ಇದನ್ನು ತಿಳಿದು ನೋಡಿದರೆ ಆ ಹಸಿವಿನ ಅರ್ಥವೇ ಬೇರೆ. ದ್ವೀಪದಲ್ಲಿ ಸಿಗುವ ಎರಡು-ಮೂರು ಗಂಟೆ ನನಗಂತೂ ಸಾಲಲಿಲ್ಲ. ಜೂನ್‌ನಲ್ಲಿ ಹೋಗಿ; ಆರ್ಕ್ಟಿಕ್ ಟರ್ನ್ ಎಂಬ ಕಡಲಹಕ್ಕಿಗಳು ತಲೆಗೆ ಕುಕ್ಕುವುದರಿಂದ ಟೋಪಿ ಮರೆಯಬೇಡಿ.