ತಾಮಿಯಾ ವೆದರಿಂಗ್ ಮಾಸ್ಟರ್ ಎ ಸೆಟ್: ನಮ್ಮ ಕಡೆಯ ಕೆಂಪು ಧೂಳಿಗೆ ಆದೀತೇ?

ತಾಮಿಯಾ ಕಂಪನಿಯ ಈ ಸೆಟ್ ಪುಟ್ಟ ಮಾಡೆಲ್ ಗಾಡಿಗಳಿಗೆ ಧೂಳು, ಕೆಸರಿನ ಬಣ್ಣ ಹಚ್ಚಲು ಇರುವುದು. ಮಂಗಳೂರು, ಉಡುಪಿ ಕಡೆಯ ಬಸ್ಸು, ಲಾರಿ, ಜೀಪುಗಳ ಸ್ಕೇಲ್ ಮಾಡೆಲ್ ಮಾಡುವವರು ಇದನ್ನು ಕೊಳ್ಳಬಹುದು. ಆದರೆ ಇದೊಂದರಿಂದಲೇ ಕೆಲಸ ಮುಗಿಯದು. ಮೇಕಪ್ ಕಾಂಪ್ಯಾಕ್ಟ್ ಡಬ್ಬಿಯಂಥ ಪೆಟ್ಟಿಗೆಯಲ್ಲಿ ಸ್ಯಾಂಡ್, ಲೈಟ್ ಸ್ಯಾಂಡ್, ಮಡ್ ಎಂಬ ಮೂರು ಬಣ್ಣದ ಬಿಲ್ಲೆಗಳಿವೆ. ಒಂದು ತುದಿಗೆ ಸ್ಪಂಜು, ಇನ್ನೊಂದು ತುದಿಗೆ ಬ್ರಷ್ ಇರುವ ಕಡ್ಡಿ ಜೊತೆಗೇ ಬರುತ್ತದೆ. ಇದು ಒಣ ಪಿಗ್ಮೆಂಟ್ ಪುಡಿಯಲ್ಲ, ಸ್ವಲ್ಪ ಜಿಡ್ಡಿನಂಶ ಇದೆ. ಹಾಗಾಗಿ ಫ್ಯಾನ್ ಗಾಳಿಗೆ ಹಾರದೆ, ಉಜ್ಜಿದಲ್ಲೇ ಕೂರುತ್ತದೆ.

ಕೊರತೆ ಇರುವುದು ಬಣ್ಣದಲ್ಲಿ. ಸ್ಯಾಂಡ್, ಲೈಟ್ ಸ್ಯಾಂಡ್ ಎರಡೂ ಹಳದಿ ಕಡೆಗೆ ವಾಲುತ್ತವೆ. ನಮ್ಮ ಮುರಕಲ್ಲಿನ ಮಣ್ಣು ಕಬ್ಬಿಣದ ಆಕ್ಸೈಡಿನಿಂದ ಕೆಂಪಾದದ್ದು. ಎ ಸೆಟ್ ಮಾತ್ರ ಹಚ್ಚಿದ ಬಸ್ಸು ಕರಾವಳಿಯದು ಅನ್ನಿಸುವುದೇ ಇಲ್ಲ. ಇದೇ ಸಾಲಿನ ಬಿ ಸೆಟ್‌ನ ರಸ್ಟ್ (ತುಕ್ಕಿನ ಬಣ್ಣದ) ಬಿಲ್ಲೆ ಸೇರಿದರೆ ಮಾತ್ರ ಬಣ್ಣ ಹತ್ತಿರ ಬರುತ್ತದೆ. ಮೊದಲು ರಸ್ಟನ್ನು ಕಂಡೂ ಕಾಣದಷ್ಟು ತೆಳುವಾಗಿ ಉಜ್ಜಿ, ಅದರ ಮೇಲೆ ಸ್ಯಾಂಡ್ ಎಳೆಯಬೇಕು. ಎರಡಕ್ಕೂ ಒಂದೇ ಸ್ಪಂಜು ಬಳಸಿದರೆ ಸ್ಯಾಂಡ್ ಬಿಲ್ಲೆಗೆ ಕೆಂಪು ಹತ್ತುತ್ತದೆ, ಮತ್ತೆ ಹೋಗುವುದಿಲ್ಲ. ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ ಐಶ್ಯಾಡೋ ಕಡ್ಡಿಗಳು ಇದಕ್ಕೆ ಸರಿಯಾಗುತ್ತವೆ; ಬಣ್ಣಕ್ಕೊಂದು ಇಟ್ಟುಕೊಳ್ಳಿ.

ಹೊಳಪಿನ ಪೇಂಟ್ ಮೇಲೆ ಇದು ನಿಲ್ಲದು, ಬೆರಳು ತಾಗಿದರೆ ಜಾರುತ್ತದೆ. ಮೊದಲು ಮ್ಯಾಟ್ ಕ್ಲಿಯರ್ (ಹೊಳಪಿಲ್ಲದ, ಬಣ್ಣವಿಲ್ಲದ ಲೇಪ) ಹೊಡೆದು ಪೂರ್ತಿ ಒಣಗಿಸಿ. ಇಲ್ಲಿನ ಮಳೆಗಾಲದಲ್ಲಿ ಇಂಥ ಲೇಪದ ಸ್ಪ್ರೇ ಡಬ್ಬಿಯಾದ ತಾಮಿಯಾದ ಟಿಎಸ್-80 ಫ್ಲ್ಯಾಟ್ ಕ್ಲಿಯರ್ ಹೊಡೆಯುವುದು ಅಪಾಯ. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಮಳೆ ಬಿಟ್ಟ ಮಧ್ಯಾಹ್ನಕ್ಕೆ ಕಾಯಿರಿ, ಇಲ್ಲವೇ ಏರ್‌ಬ್ರಷ್‌ನಲ್ಲಿ ಅಕ್ರಿಲಿಕ್ ಮ್ಯಾಟ್ ಹೊಡೆಯಿರಿ. ಧೂಳು ಹಚ್ಚಿದ ಮೇಲೆ ಮತ್ತೆ ಕ್ಲಿಯರ್ ಹೊಡೆದರೆ ಧೂಳು ಬಹುಪಾಲು ಮಾಯವಾಗುತ್ತದೆ. ಕೈ ತಾಗದ ಮಾಡೆಲ್ ಆದರೆ ಹಾಗೇ ಬಿಡುವುದೇ ಉತ್ತಮ.

ಎಲ್ಲಿ ಹಚ್ಚಬೇಕೆಂಬುದಕ್ಕೆ ಹೆದ್ದಾರಿ 66ರಲ್ಲಿ ಓಡುವ ಎಕ್ಸ್‌ಪ್ರೆಸ್ ಬಸ್ಸನ್ನೇ ನೋಡಿ. ಓಡುವಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಧೂಳು ಒಳಗೆ ಸೆಳೆಯಲ್ಪಡುವುದರಿಂದ ಹಿಂಬದಿಯೇ ಎಲ್ಲಕ್ಕಿಂತ ಕೊಳೆ. ಚಕ್ರಗಳ ಹಿಂದಿನ ಪ್ಯಾನೆಲ್‌ನಲ್ಲಿ ಕೆಳಗೆ ದಟ್ಟ, ಮೇಲೇರಿದಂತೆ ತೆಳು. ಬಾಗಿಲ ಕಂಬಿ, ಜನ ಹತ್ತುವಾಗ ಹಿಡಿಯುವ ಕಡೆ, ಮೆಟ್ಟಿಲ ಅಂಚು ಮಾತ್ರ ಸವೆದು ಸ್ವಚ್ಛವಾಗಿರುತ್ತವೆ. ಅಲ್ಲಿ ಒದ್ದೆ ಹತ್ತಿಬಡ್ಸ್‌ನಿಂದ ಒರೆಸಿ. ಗಾಜಿನ ಮೇಲೆ ವೈಪರ್ ಓಡಾಡುವ ಕಮಾನಿನ ಆಕಾರಕ್ಕೆ ಮಾಸ್ಕಿಂಗ್ ಟೇಪ್ ಕತ್ತರಿಸಿ ಅಂಟಿಸಿ, ಧೂಳು ಹಚ್ಚಿದ ಮೇಲೆ ತೆಗೆಯಿರಿ. ಈ ಒಂದು ಗುರುತು ಇದ್ದರೆ ಮಾಡೆಲ್‌ಗೆ ಜೀವ ಬರುತ್ತದೆ.

ಮಡ್ ಬಿಲ್ಲೆಯಿಂದ ದಪ್ಪ ಕೆಸರು ಬರುವುದಿಲ್ಲ, ಬಣ್ಣ ಮಾತ್ರ ಬರುತ್ತದೆ. ಚಕ್ರದ ಗೂಡು, ಮಡ್‌ಫ್ಲ್ಯಾಪ್‌ಗಳಿಗೆ ಮುರಕಲ್ಲಿನ ಪುಡಿಯೇ ಬೇಕು. ಆದರೆ ಜರಡಿ ಹಿಡಿದ ಮಣ್ಣು ಸಾಲದು: 0.1 ಮಿ.ಮೀ. ಕಣ 1/24 (ನಿಜದ ಗಾಡಿಯ 24ರಲ್ಲೊಂದು ಅಳತೆಯ) ಮಾಡೆಲ್‌ನಲ್ಲಿ 2.4 ಮಿ.ಮೀ. ಜಲ್ಲಿಯಾಗಿ ಕಾಣುತ್ತದೆ. ಪುಡಿಯನ್ನು ನೀರಿನಲ್ಲಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಆ ಕೆಂಪು ನೀರಿನಡಿ ಕೂತ ನುಣ್ಣನೆ ಮಣ್ಣನ್ನು ಒಣಗಿಸಿ, ಹಳೇ ಕಾವಲಿಯಲ್ಲಿ ಬಿಸಿ ಮಾಡಿ. ಬಿಸಿ ಮಾಡದಿದ್ದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುವ ಭಯ. ಎರಡು ಪಾಲು ಮಣ್ಣಿಗೆ ಒಂದು ಪಾಲು ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಹೊಳಪಿಲ್ಲದೆ ಒಣಗುವ ಅಂಟು ದ್ರವ), ಕಲಸಲು ಬೇಕಾದಷ್ಟು ನೀರು ಸಾಕು. ಫೆವಿಕಾಲ್ ಬೇಡ: ಒಣಗಿದ ಮೇಲೂ ಹೊಳೆಯುತ್ತದೆ, ತೇವಕ್ಕೆ ಮೆತ್ತಗಾಗುತ್ತದೆ. ಮೀಡಿಯಂ ಹೆಚ್ಚಾದರೆ ಒಣಗಿದ ಮೇಲೂ ಮಣ್ಣು ಒದ್ದೆಯ ಹಾಗೆ ಕಪ್ಪಾಗಿಯೇ ಉಳಿಯುತ್ತದೆ. ಅಂಥಲ್ಲಿ ಅಂಚಿಗೆ ಲೈಟ್ ಸ್ಯಾಂಡ್ ಮೆಲ್ಲಗೆ ತಾಗಿಸಿ. ಒಣಗುತ್ತಿರುವ ಕೆಸರಿನ ಬಿಳಿಚು ಬರುತ್ತದೆ. ಲೈಟ್ ಸ್ಯಾಂಡ್ ನಮ್ಮ ಊರಿನ ಮಾಡೆಲ್‌ಗೆ ನಿಜವಾಗಿ ಒದಗುವುದು ಇಲ್ಲಿ.

ತೊಳೆದ ಸ್ಪಂಜನ್ನು ಪೂರ್ತಿ ಒಣಗಿಸದೆ ಪೆಟ್ಟಿಗೆಯೊಳಗೆ ಮುಚ್ಚಿಡಬೇಡಿ. ಡಬ್ಬಿಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರ್‌ನಲ್ಲಿಡಿ.