ಬರಗಾಲದಲ್ಲಿ ನೀರಿನ ಟ್ಯಾಂಕರ್ ಕರೆಸುವವರೇ, ದುಡ್ಡು ಕೊಡುವ ಮೊದಲು ಇದನ್ನು ಓದಿ

ಗದಗ-ಬೆಟಗೇರಿಯಲ್ಲಿ ನಳದ ನೀರು ನಂಬಿ ಕೂರೋಕಾಗಲ್ಲ. ಅದು ಎಲ್ಲರಿಗೂ ಗೊತ್ತು. ಬೇಸಿಗೆ ಬಂತು ಅಂದರೆ ಟ್ಯಾಂಕರ್‌ಗೆ ಫೋನ್ ಮಾಡಲೇಬೇಕು. ಮಾಡಿ. ಆದರೆ ದರ ಎಷ್ಟು, ಲೀಟರ್ ಎಷ್ಟು ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳದೆ ಒಂದು ಪೈಸೆಯನ್ನೂ ಮುಂಗಡ ಕೊಡಬೇಡಿ. ಒಂದು ಪೈಸೆಯನ್ನೂ.

2024ರ ಏಪ್ರಿಲ್. ಮಗಳ ಕುಬುಸ ಇಟ್ಟುಕೊಂಡಿದ್ದೆವು. ಬೀಗರು, ನೆಂಟರು ಎಲ್ಲಾ ಬರುವವರು. ಸಂಪು ತೊಳೆಸಿ ಒಣಗಿಸಿ, ಗೊತ್ತಿದ್ದವರು ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಮಾಲೀಕ ಬಹಳ ಮರ್ಯಾದೆಯಿಂದಲೇ ಮಾತಾಡಿದ. "ಐದು ಸಾವಿರ ಲೀಟರ್ ಗಾಡಿ ಐತ್ರಿ ಅಕ್ಕಾರ. ಎಂಟನೂರು ಆಗ್ತದ. ಐದನೂರು ಫೋನ್‌ಪೇ ಮಾಡಿಬಿಡ್ರಿ, ಮುಂಜಾನೆ ಎದ್ದ ಕೂಡ್ಲೆ ಕಳಸ್ತೀನಿ." ಮಾಡಿದೆ.

ಮುಂಜಾನೆ ಎದ್ದ ಕೂಡಲೇ ಅಂದವನ ಗಾಡಿ ಬಂದಿದ್ದು ಹತ್ತೂವರೆಗೆ. ಅಷ್ಟರಲ್ಲಿ ಮನೆ ತುಂಬಾ ಜನ. ಡ್ರೈವರ್ ಹುಡುಗ ಟ್ರ್ಯಾಕ್ಟರ್ ಇಳಿಯಲೇ ಇಲ್ಲ. ಪೈಪ್ ಸುತ್ತಿದ ಹಾಗೇ ಇತ್ತು. "ಹದಿನೈದನೂರು ಆಗ್ತದ್ರಿ. ರೊಕ್ಕ ತಗೊಂಡ ಪೈಪ್ ಬಿಡು ಅಂತ ಮಾಲಕರು ಹೇಳ್ಯಾರ." ಎಂಟನೂರು ಅಂತ ಮಾತಾಗಿದೆಯಲ್ಲಪ್ಪಾ ಅಂದೆ. "ಅದು ನಿನ್ನಿ ರೇಟ್ರಿ." ನನ್ನ ಐನೂರು ವಾಪಸ್ ಕೊಡು ಅಂದೆ. "ಅದನ್ನ ಮಾಲಕರ್ನ ಕೇಳ್ರಿ. ನಾ ಮುಂದಿನ ಮನಿಗೆ ಹೊಕ್ಕೀನಿ." ಮಾಲೀಕನಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಗಾಡಿ ಚಾಲೂನೇ ಇತ್ತು.

ಆಗ ನಾನು ಹೇಳಿದೆ: ಬರ ಅಂತ ಸರ್ಕಾರವೇ ಘೋಷಿಸಿದೆ, ಟ್ಯಾಂಕರ್‌ಗೆ ದರ ಕಟ್ಟಿದ್ದಾರೆ, ಪೇಪರ್‌ನಲ್ಲಿ ಬಂದಿದೆ, ನೀವು ಹೀಗೆ ಕೇಳುವ ಹಾಗಿಲ್ಲ. ಅವನು ನಕ್ಕ. ಬೀಗರ ಮುಂದೆ, ಓಣಿಯವರ ಮುಂದೆ ನಕ್ಕ. "ಅದು ಬೆಂಗಳೂರಿನ ರೇಟ್ರಿ ಅಕ್ಕಾರ. ಗದಗಿಂದು ಕಾಗದ ಇದ್ರ ತೋರಸ್ರಿ." ತೋರಿಸೋಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆ ನಗು ಇನ್ನೂ ಕಿವಿಯಲ್ಲಿದೆ. ಉಳಿದ ಸಾವಿರ ರೂಪಾಯಿ ಎಣಿಸಿ ಕೊಟ್ಟೆ. ಬಂದವರಿಗೆ ಕೈ ತೊಳೆಯೋಕೂ ನೀರಿಲ್ಲ, ಇನ್ನೇನು ಮಾಡಬೇಕಿತ್ತು?

ಅಷ್ಟಕ್ಕೇ ಮುಗಿಯಲಿಲ್ಲ. ಗಾಡಿ ಹೋದ ಮೇಲೆ ಸಂಪಿನಲ್ಲಿ ಬಿದಿರಿನ ಕೋಲು ಇಳಿಸಿ ನೋಡಿದೆ. ನಮ್ಮ ಸಂಪು 6 ಅಡಿ ಉದ್ದ, 5 ಅಡಿ ಅಗಲ, 6 ಅಡಿ ಆಳ. ಒಂದು ಘನ ಅಡಿಗೆ 28.3 ಲೀಟರ್. ಅಂದರೆ ನಮ್ಮ ಸಂಪಿನಲ್ಲಿ ಒಂದು ಅಡಿ ನೀರು ಅಂದರೆ ಸುಮಾರು 850 ಲೀಟರ್. ಐದು ಸಾವಿರ ಬಿದ್ದಿದ್ದರೆ ಹೆಚ್ಚು ಕಡಿಮೆ ಬಾಯಿಮಟ್ಟ ಬರಬೇಕು. ಕೋಲು ಒದ್ದೆಯಾಗಿದ್ದು ಬರೀ ನಾಲ್ಕು ಅಡಿ. 3400 ಲೀಟರ್! ಲೀಟರಿಗೆ 16 ಪೈಸೆ ಅಂತ ಮಾತಾಡಿ 44 ಪೈಸೆ ವಸೂಲಿ ಮಾಡಿದ ಹಾಗಾಯಿತು. ಸಂಜೆ ಮಾಲೀಕ ಫೋನ್ ಎತ್ತಿದ. ಕೇಳಿದ್ದಕ್ಕೆ ಏನಂದ ಗೊತ್ತಾ? "ಲೀಟರ್ ಅಳದ ಕೊಡಾಕ ಇದೇನ ಹಾಲೇನ್ರಿ? ಬ್ಯಾಡಾದ್ರ ಬಿಡ್ರಿ, ಇನ್ನ ಹತ್ತ ಮನಿ ಕಾಯಾಕತ್ತಾವ." ಹಿಂದಿನ ದಿನದ ಮರ್ಯಾದೆ ಎಲ್ಲಿ ಹೋಯಿತೋ.

ನಮ್ಮ ತಮ್ಮ ವಕೀಲ. ಅವನ ಹತ್ತಿರ ಕೂತು ಕೇಳಿದಾಗ ಹೊಟ್ಟೆ ಇನ್ನೂ ಉರಿಯಿತು. 2023ರಲ್ಲೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ಆದರೆ ನಮ್ಮಲ್ಲಿ ಬರ ಅಂತ ಘೋಷಿಸಿದ ಮಾತ್ರಕ್ಕೆ ಯಾವ ಬೆಲೆಯೂ ಕಟ್ಟುಬೀಳುವುದಿಲ್ಲ. ಇಂಥ ವಸ್ತುವಿಗೆ ಇಷ್ಟೇ ದರ ಅಂತ ಬೇರೆ ಆದೇಶ ಬರಬೇಕು. ಬೆಂಗಳೂರು ನಗರ ಜಿಲ್ಲಾಡಳಿತ 2024ರ ಮಾರ್ಚ್‌ನಲ್ಲಿ ಅಂಥ ಆದೇಶ ಮಾಡಿತು. 5 ಕಿಲೋಮೀಟರ್ ಒಳಗೆ 6000 ಲೀಟರಿಗೆ 600 ರೂಪಾಯಿ, 12000 ಲೀಟರಿಗೆ 1000. ಅದು ಅಲ್ಲಿಗೆ ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲವಂತೆ. ತುರ್ತು ಪರಿಸ್ಥಿತಿ ಘೋಷಣೆಯಾದ ಕೂಡಲೇ ಅಗತ್ಯ ವಸ್ತುಗಳ ಬೆಲೆ ಹಿಂದಿನದಕ್ಕಿಂತ ಶೇಕಡಾ 10ಕ್ಕೂ ಜಾಸ್ತಿ ಏರಿಸಿದರೆ ಅದು ಅಪರಾಧ. ಬೇರೆ ಕಾಗದ ತೋರಿಸಬೇಕಾಗಿಲ್ಲ.

ನಮ್ಮಲ್ಲಿ ಆಗೋದೇ ಇಲ್ಲ ಅಂತಲೂ ಅಲ್ಲ. ಕೊರೊನಾ ಬಂದಾಗ 2020ರ ಮಾರ್ಚ್ 13ಕ್ಕೆ ಮಾಸ್ಕು, ಸ್ಯಾನಿಟೈಸರ್ ಎರಡನ್ನೂ 1955ರ ಅಗತ್ಯ ವಸ್ತುಗಳ ಕಾಯ್ದೆಗೆ ಸೇರಿಸಿದರು. ಸುಮಾರು ಒಂದು ವಾರದಲ್ಲಿ ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಎಂಎಲ್ ಸ್ಯಾನಿಟೈಸರ್‌ಗೆ 100 ರೂಪಾಯಿ ಅಂತ ಮಿತಿ ಹಾಕಿದರು. ಮಾಸ್ಕಿಗೆ ಆಗಿದ್ದು ಬರಗಾಲದ ನೀರಿಗೆ ಯಾಕೆ ಆಗಬಾರದು? ಅಂಗಡಿಯಲ್ಲಿ ಪ್ಯಾಕ್ ಮಾಡಿದ ಬಾಟಲಿ ನೀರನ್ನು ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿಗೆ ಮಾರಿದರೂ ತಪ್ಪು. ಟ್ಯಾಂಕರ್ ಮೇಲೆ ಎಂಆರ್‌ಪಿ ಇರಲ್ಲ ಅಂತ ಬಾಯಿಗೆ ಬಂದಷ್ಟು ಕೇಳುವುದಾ?

ಇನ್ನು ಮುಂದೆ ಕರೆಸುವವರು ಸಂಪಿನ ಅಳತೆ ಮೊದಲೇ ಬರೆದಿಟ್ಟುಕೊಳ್ಳಿ. ನೀರು ಬಿಡುವ ಮೊದಲು ಕೋಲು, ಬಿಟ್ಟ ಮೇಲೆ ಕೋಲು, ಎರಡೂ ಡ್ರೈವರ್ ಎದುರಿಗೇ ಹಾಕಿ. ಆಮೇಲೆ ದುಡ್ಡು. ಸುಮ್ನೆ ಫೋನ್ ಮಾತು ನಂಬಬೇಡಿ. ಮಾತಿಗಿಂತ ಜಾಸ್ತಿ ಕೇಳಿದರೆ ಗಾಡಿ ನಂಬರಿನ ಫೋಟೋ ತೆಗೆಯಿರಿ, ಫೋನ್‌ಪೇ ರಸೀದಿ ಇಟ್ಟುಕೊಳ್ಳಿ, 1915ಕ್ಕೆ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಜಿಲ್ಲಾಧಿಕಾರಿ ಕಚೇರಿಗೂ ಒಂದು ಅರ್ಜಿ ಹಾಕಿ. ನಮ್ಮ ಜಿಲ್ಲೆಯ ಟ್ಯಾಂಕರ್‌ಗೆ ದರ ಕಟ್ಟಿ ಅಂತಲೇ ಅದರಲ್ಲಿ ಕೇಳಿ. ನಾನು ಹಾಕಿದ್ದೇನೆ. ನಮ್ಮ ಓಣಿಯ ಹೆಣ್ಣುಮಕ್ಕಳೂ ಸಹಿ ಮಾಡಿದ್ದಾರೆ.