ಸೌತೆಕಾಯಿಗೂ 78 ತೋರಿಸುವ 'ಇಸಿಜಿ ವಾಚು' ತಗೋಬೇಡಿ

ವಿಜಯಪುರದಲ್ಲಿ ಯಾರಾದರೂ 'ಇಸಿಜಿ ಬರುವ ವಾಚು' ಅಂತ ಕೊಡಲು ಬಂದರೆ ಅಲ್ಲಿಂದ ಎದ್ದು ಬನ್ನಿ. ಎದೆಬಡಿತ ಒಮ್ಮೆಲೇ ಓಡುವ ತೊಂದರೆ ಇದ್ದವರಂತೂ ಅದನ್ನು ಮುಟ್ಟಲೇಬೇಡಿ. ನಾನು 2,800 ರೂಪಾಯಿ ಕಳೆದುಕೊಂಡೆ. ದುಡ್ಡು ಹೋಗಲಿ, ಇನ್ನೊಂದು ಸ್ವಲ್ಪದರಲ್ಲಿ ನಾನೇ ಹೋಗುತ್ತಿದ್ದೆ.

ಸುಮ್ನೆ ಕೂತಿದ್ದಾಗಲೇ ಎದೆ ಓಡಲು ಶುರುಮಾಡುತ್ತದೆ. ಸ್ವಿಚ್ ಒತ್ತಿದ ಹಾಗೆ. ಕುತ್ತಿಗೆಯಲ್ಲಿ ನರ ಪಟಪಟ ಕುಣಿಯುತ್ತದೆ. ಹಾಗೇ ಒಮ್ಮೆಲೇ ನಿಂತೂ ಬಿಡುತ್ತದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಸರಿ, ಇಸಿಜಿ ನಾರ್ಮಲ್. 'ಟೆನ್ಶನ್ ಮಾಡ್ಕೋಬ್ಯಾಡ್ರಿ ಸರ' ಅಂತ ಕಳಿಸುತ್ತಿದ್ದರು. ಒಬ್ಬ ಡಾಕ್ಟರು ಮಾತ್ರ ಎಸ್‌ವಿಟಿ (ಹೃದಯದ ವಿದ್ಯುತ್ತು ದಾರಿ ತಪ್ಪಿ ಬಡಿತ ಒಮ್ಮೆಲೇ ಓಡುವ ತೊಂದರೆ) ಇರಬಹುದು, ಓಡುತ್ತಿರುವಾಗಲೇ ಇಸಿಜಿ ಸಿಗಬೇಕು ಅಂದರು. ಇಡೀ ದಿನದ ಇಸಿಜಿ ಬರೆದಿಡುವ ಹೋಲ್ಟರ್ ಮಷಿನ್ 24 ಗಂಟೆ ಮೈಗೆ ಕಟ್ಟಿದರು. ಆ ದಿನ ಅದು ಬರಲೇ ಇಲ್ಲ!

ಅದಕ್ಕೇ ವಾಚಿನ ಆಸೆ ಹುಟ್ಟಿದ್ದು.

'ಇದ್ರಾಗ ಇಸಿಜಿ ಬರ್ತೈತೇನ್ರಿ?' ಅಂತ ಅಂಗಡಿಯವನನ್ನು ಕೇಳಿದೆ.

'ಇಸಿಜಿ, ಬಿಪಿ, ಶುಗರ್ ಎಲ್ಲಾ ಬರ್ತೈತ್ರಿ ಸರ. ಡಾಕ್ಟರ್‌ಗಳೇ ಒಯ್ತಾರ್ರಿ.'

ಶುಗರ್ ಅಂದಾಗಲೇ ನಾನು ಎದ್ದು ಬರಬೇಕಿತ್ತು. ಒಂದು ಹನಿ ರಕ್ತ ಇಲ್ಲದೆ, ಒಂದು ಸೂಜಿ ಇಲ್ಲದೆ, ಗಾಜಿನ ಕೆಳಗಿನ ಹಸಿರು ದೀಪ ಶುಗರ್ ಹೇಳುತ್ತದೆಯೇ? ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಇಸಿಜಿ ಅಂದರೆ ಹೃದಯದ ವಿದ್ಯುತ್ತು, ಮೈಗೆ ಕನಿಷ್ಠ ಎರಡು ಕಡೆ ಲೋಹ ತಾಗಬೇಕು. ನಿಜವಾದ ಇಸಿಜಿ ವಾಚಿನಲ್ಲಿ ಇನ್ನೊಂದು ಕೈಯ ಬೆರಳನ್ನು ಅರ್ಧ ನಿಮಿಷ ಇಟ್ಟುಕೊಂಡು ಕೂರಬೇಕು. ಇದರಲ್ಲಿ ಇದ್ದದ್ದು ಬರೀ ಪ್ಲಾಸ್ಟಿಕ್. ಇದೆಲ್ಲ ಆಮೇಲೆ ಹೊಳೆದದ್ದು. ಆಗ ಮಾತ್ರ ಪರದೆ ಮೇಲೆ ಓಡುವ ಗೆರೆ ನೋಡುತ್ತಾ ನಿಂತಿದ್ದೆ, ಜಾತ್ರೆಗೆ ಬಂದ ಹುಡುಗನ ಹಾಗೆ. ಬಿಲ್ಲು ಕೇಳಿದರೆ 'ಜಿಎಸ್‌ಟಿ ಜಾಸ್ತಿ ಆಗ್ತೈತ್ರಿ' ಅಂತ ಒಂದು ಚೀಟಿ ಕೊಟ್ಟ. ತಗೊಂಡೆ.

ಮೂರು ವಾರದ ಮೇಲೆ, ರಾತ್ರಿ ಊಟ ಮುಗಿಸಿ ಕೈ ತೊಳೆಯಲು ಬಗ್ಗಿದೆ. ಶುರುವಾಯಿತು. ವಾಚು ನೋಡಿದರೆ ನಾಡಿ ನಿಮಿಷಕ್ಕೆ 82. ಇನ್ನೊಮ್ಮೆ ನೋಡಿದೆ, 81. ನಮ್ಮ ಮನೆಯವರು, 'ವಾಚು ಬರೋಬ್ಬರಿ ತೋರ್ಸಾಕತ್ತೈತಲ್ರಿ, ಗ್ಯಾಸ್ ಇರಬೇಕು, ಅಜವಾನ ತಿಂದು ಮಲ್ಕೋರಿ' ಅಂದರು. ಅವರದೇನು ತಪ್ಪು? ನನ್ನ ಎದೆ ಬಿಟ್ಟು ವಾಚನ್ನು ನಂಬಿದವನು ನಾನು. ಎರಡು ತಾಸು ಅಜವಾನ ಅಗಿಯುತ್ತಾ ಮಲಗಿದ್ದೆ. ಬಚ್ಚಲಿಗೆ ಹೋಗಲು ಎದ್ದರೆ ಕಣ್ಣು ಕತ್ತಲೆ, ಗೋಡೆ ಹಿಡಿದು ಹಾಗೇ ಕುಸಿದೆ.

ಆಟೋದಲ್ಲಿ ಒಯ್ದರು. ಆಸ್ಪತ್ರೆಯ ಇಸಿಜಿಯಲ್ಲಿ 194. ಕೈಯಲ್ಲಿದ್ದ ವಾಚು ಆಗಲೂ 81. ಡಾಕ್ಟರು ಆ ಕಾಗದ ನೋಡಿದರು, ವಾಚು ನೋಡಿದರು, ಏನೂ ಅನ್ನಲಿಲ್ಲ. ಬಿಚ್ಚಿ ದಿಂಬಿನ ಪಕ್ಕ ಇಟ್ಟರು. ನಾಚಿಕೆಯಾಯಿತು. ಬಡಿತ ಇಳಿಸಲು ಖಾಲಿ ಸಿರಿಂಜಿನೊಳಗೆ 15 ಸೆಕೆಂಡು ಜೋರಾಗಿ ಊದಿಸಿ, ಮಲಗಿಸಿ ಕಾಲು ಎತ್ತಿ ಹಿಡಿದರು. ನಿಲ್ಲಲಿಲ್ಲ. ಕೊನೆಗೆ ಅಡೆನೊಸಿನ್ 6 ಮಿಲಿಗ್ರಾಂ ಸೂಜಿ. ಕೆಲವು ಸೆಕೆಂಡು ಎದೆ ಹಿಂಡಿ, ಪ್ರಾಣ ಹೋದಂತೆಯೇ ಆಯಿತು. ಆಮೇಲೆ ಟಕ್ ಅಂತ ಬಡಿತ ಜಾಗಕ್ಕೆ ಬಂತು.

ಮನೆಗೆ ಬಂದ ಮೇಲೆ, ಕೋಸಂಬರಿಗೆ ತಂದಿಟ್ಟ ಸೌತೆಕಾಯಿಗೆ ಆ ವಾಚು ಕಟ್ಟಿದೆ. 78. ಇಸಿಜಿ ಗೆರೆಯೂ ಬಂತು, ನನಗೆ ಬಂದದ್ದೇ ಗೆರೆ! ಲಟ್ಟಣಿಗೆಗೆ ಕಟ್ಟಿದೆ. 74. ಮಗ ಹೊಟ್ಟೆ ಹಿಡಿದು ನಕ್ಕ. ನನಗೆ ನಗು ಬರಲಿಲ್ಲ.

ಸೌತೆಕಾಯಿ ಸಮೇತ ಅಂಗಡಿಗೆ ಹೋದೆ.

'ಸೌತಿಕಾಯಿಗೆ ಯಾಕ ಕಟ್ಟಿದ್ರಿ ಸರ? ಮನುಷ್ಯಾರಿಗೆ ಮಾಡಿದ ಮಾಲು ಇದು.'

'ಮತ್ತ ನಾಡಿ ಹೆಂಗ ತೋರಸ್ತೈತಿ?'

'ಕಾಯಾಗೂ ನೀರು ಇರ್ತೈತಲ್ರಿ, ಸೆನ್ಸರ್ ಹಿಡಿತೈತಿ.'

194 ಇದ್ದಾಗ 81 ತೋರಿಸಿತು ಅಂದೆ. ಅದಕ್ಕೆ ಅವನು, 'ಅದು ನಿಮ್ಮ ಎದಿ ಪ್ರಾಬ್ಲೆಮ್ ರೀ ಸರ, ವಾಚಿಂದಲ್ಲ' ಅಂದ. ಹಿಂದೆ ನಿಂತಿದ್ದ ಗಿರಾಕಿಗಳು ನಕ್ಕರು. ಆಮೇಲೆ ಡಬ್ಬಿ ತಿರುಗಿಸಿ ತೋರಿಸಿದ. ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ವೈದ್ಯಕೀಯ ಬಳಕೆಗೆ ಅಲ್ಲ ಅಂತ ಇದೆ. ಮಾರುವಾಗ ಆ ಮೂಲೆಯನ್ನು ಅವನು ಹೆಬ್ಬೆರಳಿನಿಂದ ಮುಚ್ಚಿದ್ದನೋ ಏನೋ!

ಎದೆ ಓಡಿದರೆ ಮಣಿಕಟ್ಟು ಹಿಡಿದು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಎಣಿಸಲು ಆಗದಷ್ಟು ಜೋರಿದ್ದರೆ ಇಸಿಜಿ ಮಷಿನ್ ಇರುವ ಹತ್ತಿರದ ಕಡೆ ಹೋಗಿ, ಓಡುತ್ತಿರುವಾಗಲೇ ತೆಗೆಸಿ, ಆ ಕಾಗದ ಜೋಪಾನ ಮಾಡಿ. ತಲೆ ಸುತ್ತಿದರೆ, ಎದೆ ನೋವು, ದಮ್ಮು ಇದ್ದರೆ 108ಕ್ಕೆ ಫೋನ್ ಮಾಡಿ. ಅಜವಾನ ಆಮೇಲೆ. ನನಗೆ ಎಸ್‌ವಿಟಿ ಅಂತ ಗಟ್ಟಿಯಾದದ್ದು ಆ ರಾತ್ರಿಯ ಕಾಗದದಿಂದ. ಗುಳಿಗೆ ಶುರುವಾಗಿದೆ. ತೊಡೆಯ ರಕ್ತನಾಳದಿಂದ ತಂತಿ ಹಾಕಿ, ಹೃದಯದಲ್ಲಿ ತೊಂದರೆ ಕೊಡುವ ಜಾಗವನ್ನು ಸುಡುವ ಅಬ್ಲೇಶನ್ ಬಗ್ಗೆ ಕೇಳಲು ಬೆಳಗಾವಿಗೆ ಹೋಗಬೇಕು.

ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದೇ ಬಿಲ್ಲು. ನನ್ನ ಹತ್ತಿರ ಇರುವುದು 'ವಾಚು 1, 2,800' ಅಂತ ಪೆನ್ನಿನಲ್ಲಿ ಗೀಚಿದ ಚೀಟಿ. ಅಂಗಡಿ ಹೆಸರಿಲ್ಲ, ಸಹಿಯೂ ಇಲ್ಲ.